ಜನವರಿಯ ಮಂಗಳೂರು ನೋಡಿ ಮನೆ ಮಾರಬೇಡಿ

ಪ್ರಶ್ನೆ: ನನಗೆ 62. ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತನಾಗಿದ್ದೇನೆ. ಹಾಸನದಲ್ಲಿ ಸ್ವಂತ ಮನೆಯಿದೆ. ಮಗ, ಸೊಸೆ ಇಬ್ಬರಿಗೂ ಮಂಗಳೂರಿನಲ್ಲಿ ಕೆಲಸ. ಜನವರಿಯಲ್ಲಿ ಹತ್ತು ದಿನ ಅಲ್ಲಿದ್ದು ಬಂದೆವು. ಹಗಲು ಒಳ್ಳೆ ಬಿಸಿಲು, ಸಂಜೆ ತಣ್ಣೀರುಬಾವಿ ಬೀಚು. ನನ್ನ ಮನೆಯವರು ‘ಇನ್ನು ಇಲ್ಲೇ ಇದ್ದುಬಿಡೋಣ’ ಅಂತ ಪಟ್ಟು ಹಿಡಿದಿದ್ದಾರೆ. ಇಲ್ಲಿನ ಮನೆ ಮಾರಿ ಅಲ್ಲೊಂದು ಫ್ಲಾಟ್ ತಗೊಳ್ಳಬಹುದಾ? ನೀವು ಅಲ್ಲಿ ಬಾಳಿದವರು, ಹೇಳಿ.
– ಒಬ್ಬ ಓದುಗರು, ಹಾಸನ

ಉತ್ತರ: ಮೇಷ್ಟ್ರೇ, ಜನವರಿಯಲ್ಲಿ ಮಂಗಳೂರು ನೋಡಿ ತೀರ್ಮಾನ ಮಾಡೋದು ಅಂದರೆ ಮದುವೆಮನೆ ಊಟ ಉಂಡು, ಆ ಮನೆಯವರು ದಿನಾ ಹೀಗೇ ಉಣ್ಣುತ್ತಾರೆ ಅಂದುಕೊಂಡ ಹಾಗೆ. ಬ್ಯಾಂಕ್ ಕೆಲಸದ ಮೇಲೆ ನಾನು ಅಲ್ಲಿ ಹನ್ನೊಂದು ವರ್ಷ ಇದ್ದೆ. ಆ ಊರಿನ ಮೇಲೆ ನನಗೆ ಪ್ರೀತಿ ಜಾಸ್ತಿ. ಆದರೂ ಹೇಳುತ್ತೇನೆ, ಮನೆ ಮಾತ್ರ ಮಾರಬೇಡಿ. ಈಗಲೇ ಬೇಡ.

ಮೊದಲು ಮೇ ತಿಂಗಳಲ್ಲಿ ಹೋಗಿ ಹದಿನೈದು ದಿನ ಇರಿ. ಥರ್ಮಾಮೀಟರ್ ನೋಡಿದರೆ 33, 34 ಡಿಗ್ರಿ ಅಷ್ಟೇ. ಹಾಸನದ ಏಪ್ರಿಲ್‌ಗೂ ಅದಕ್ಕೂ ಏನು ಮಹಾ ವ್ಯತ್ಯಾಸ ಅನಿಸುತ್ತೆ. ವ್ಯತ್ಯಾಸ ಗೊತ್ತಾಗೋದು ರಾತ್ರಿ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ. ಏಪ್ರಿಲ್‌ನಲ್ಲೂ ರಾತ್ರಿ ಹತ್ತಾದರೆ ಕಿಟಕಿಯಿಂದ ತಂಪು ಗಾಳಿ ಬರುತ್ತೆ. ಅಲ್ಲಿ ಗಾಳಿಯಲ್ಲೇ ನೀರು ತುಂಬಿರುತ್ತೆ, ಬೆವರು ಆರುವುದೇ ಇಲ್ಲ. ಸ್ನಾನ ಮಾಡಿ ಟವೆಲ್ ಕೆಳಗಿಡುವಷ್ಟರಲ್ಲಿ ಮತ್ತೆ ಬೆನ್ನೆಲ್ಲ ಒದ್ದೆ. ಅಲ್ಲಿನವರು ಅದಕ್ಕೆ ‘ಸೆಕೆ’ ಅಂದು ಸುಮ್ಮನಾಗುತ್ತಾರೆ. ಹಾಸನದ ಮೈಗೆ ಅದು ಒಗ್ಗಲು ನನಗೆ ಎರಡು ವರ್ಷ ಹಿಡಿಯಿತು. ಡಿಸೆಂಬರ್‌ನಲ್ಲೂ ಫ್ಯಾನ್ ಇಲ್ಲದೆ ಮಲಗಿದ ನೆನಪಿಲ್ಲ.

ಆಮೇಲೆ ಜುಲೈನಲ್ಲಿ ಇನ್ನೊಮ್ಮೆ ಹೋಗಿ. ವರ್ಷಕ್ಕೆ 3500 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುವ ಊರು ಅದು, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಾನು ಮೊದಲು ಬಾಡಿಗೆಗೆ ಹಿಡಿದದ್ದು ಒಂದು ಕಟ್ಟಡದ ಕೊನೇ ಮಹಡಿ. ಗಾಳಿ ಚೆನ್ನಾಗಿ ಬರುತ್ತೆ ಅಂತ ಹಿಗ್ಗಿದ್ದೆ. ಜೂನ್ ಎರಡನೇ ವಾರ ಮಲಗುವ ಕೋಣೆಯ ಮೂಲೆಯಲ್ಲಿ ಒಂದು ಕಂದು ವೃತ್ತ ಕಾಣಿಸಿತು. ಮೊದಲು ರೂಪಾಯಿ ನಾಣ್ಯದಷ್ಟು, ಭಾನುವಾರದ ಹೊತ್ತಿಗೆ ಊಟದ ತಟ್ಟೆಯಷ್ಟು. ಓನರ್‌ಗೆ ಫೋನ್ ಮಾಡಿದೆ. ‘ಮಳೆಗಾಲ ಅಲ್ವಾ ಮೇಡಂ, ಸ್ವಲ್ಪ ನೀರು ಬರ್ತದೆ’ ಅಂದರು. ಅದು ಬಂದದ್ದು ಸೆಪ್ಟೆಂಬರ್ ತನಕ. ಬೀರುವಿನಲ್ಲಿದ್ದ ಚರ್ಮದ ಬ್ಯಾಗಿಗೆ ಹಸಿರು ಬೂಷ್ಟು ಹಿಡಿದಿತ್ತು. ಅಮ್ಮ ಕೊಟ್ಟ ರೇಷ್ಮೆ ಸೀರೆಗಳನ್ನೆಲ್ಲ ಗಂಟು ಕಟ್ಟಿ ಹಾಸನಕ್ಕೆ ಕಳಿಸಿಬಿಟ್ಟೆ. ಅಲ್ಲಿ ಇಷ್ಟೊಂದು ಮನೆಗಳ ತಾರಸಿ ಮೇಲೆ ಯಾಕೆ ಶೀಟು ಹೊದಿಸಿರುತ್ತಾರೆ ಅಂತ ನನಗೆ ಆಗ ಅರ್ಥವಾಯಿತು. ಹಾಗಾಗಿ ಫ್ಲಾಟ್ ನೋಡುವಾಗ ಬಾಲ್ಕನಿ ಆಮೇಲೆ, ಮೊದಲು ಮೇಲಿನ ಸೂರು.

ನೀರಿನ ಬಗ್ಗೆಯೂ ಕೇಳಿ. ಅಷ್ಟು ಮಳೆ ಬೀಳುವ ಊರಲ್ಲಿ ನೀರಿಗೇನು ಕೊರತೆ ಅಂತ ನಗಬೇಡಿ. ನಗರಕ್ಕೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. 2019ರ ಬೇಸಿಗೆಯಲ್ಲಿ ಅಲ್ಲಿ ಮಟ್ಟ ಇಳಿದು ನಲ್ಲಿ ನೀರನ್ನು ಪಾಳಿ ಮೇಲೆ ಬಿಟ್ಟಿದ್ದರು. ಕಟ್ಟಡಕ್ಕೆ ಸ್ವಂತ ಬಾವಿ ಇದೆಯಾ, ಅದು ಮೇ ತಿಂಗಳಲ್ಲೂ ಬತ್ತದೆ ಇರುತ್ತಾ ಅಂತ ವಾಚ್‌ಮನ್ ಹತ್ತಿರ ವಿಚಾರಿಸಿ. ಬಿಲ್ಡರ್ ಹತ್ತಿರ ಅಲ್ಲ. ‘ಸಮುದ್ರ ಕಾಣುವ ಮನೆ’ ಅನ್ನೋ ಜಾಹೀರಾತಿಗೂ ಮರುಳಾಗಬೇಡಿ. ಉಳ್ಳಾಲ, ಸೋಮೇಶ್ವರದ ಕಡೆ ಮಳೆಗಾಲ ಬಂತೆಂದರೆ ಕಡಲ್ಕೊರೆತ. ಕಿಟಕಿಯ ಕಬ್ಬಿಣಕ್ಕೆ ತುಕ್ಕು ಅಂತೂ ತಪ್ಪಿದ್ದಲ್ಲ. ಮೇಷ್ಟ್ರೇ, ನಿಮಗೆ ಮಂಡಿನೋವು ಇದ್ದರೆ ಇನ್ನೊಂದು ಮಾತು: ಆ ಊರು ಬರೀ ಏರು, ಇಳಿತ. ಹಾಲು ತರಲು ಹೋದರೂ ಒಂದು ದಿಣ್ಣೆ ಹತ್ತಬೇಕು.

ಬರೀ ಹೆದರಿಸುತ್ತಿದ್ದೇನೆ ಅನಿಸಿತಾ? ಇಲ್ಲ. ವಯಸ್ಸಾದವರಿಗೆ ಆಸ್ಪತ್ರೆ ಹತ್ತಿರ ಇರೋದು ದೊಡ್ಡ ಅನುಕೂಲ, ಮಂಗಳೂರಿನಲ್ಲಿ ಅದಕ್ಕೆ ಕೊರತೆಯಿಲ್ಲ. ಬೆಳಗ್ಗೆ ಬಿಸಿ ಬಿಸಿ ಬನ್ಸ್, ಸಂಜೆ ಗೋಳಿಬಜೆ. ನಡುವೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ನಾನಂತೂ ಮೂರು ಕೆ.ಜಿ. ದಪ್ಪಗಾಗಿ ಬಂದೆ. ಸುಲ್ತಾನ್ ಬತ್ತೇರಿ ಹತ್ತಿರದಿಂದ ಹೊಳೆ ದಾಟಿಸುವ ದೋಣಿ ಹತ್ತಿದ್ದೀರಾ? ಬೀಚಿಗೆ ಸುತ್ತಿ ಬಳಸಿ ಕಾರಲ್ಲಿ ಹೋಗಬೇಡಿ, ಅದರಲ್ಲೇ ಹೋಗಿ. ನಿಮ್ಮ ಎಡಕ್ಕೆ ಮೀನುಗಾರರ ಬೋಟುಗಳು, ಹಿಂದೆ ಟಿಪ್ಪು ಕಾಲದ ಕಪ್ಪು ಕಲ್ಲಿನ ಕಾವಲು ಬುರುಜು, ಆಚೆ ದಡದಲ್ಲಿ ಗಾಳಿಮರಗಳು. ಇಳಿದು ಸ್ವಲ್ಪ ನಡೆದರೆ ಸಮುದ್ರ. ಆದರೆ ನಿಜ ಹೇಳಲಾ? ಹನ್ನೊಂದು ವರ್ಷದಲ್ಲಿ ನಾನು ಬೀಚಿಗೆ ಹೋದದ್ದು ಹೆಚ್ಚಾಗಿ ಹಾಸನದಿಂದ ನೆಂಟರು ಬಂದಾಗ ಮಾತ್ರ.

ಇನ್ನು ದಾರಿ. ಹಾಸನದಿಂದ ಸುಮಾರು 170 ಕಿಲೋಮೀಟರ್, ನಡುವೆ ಶಿರಾಡಿ ಘಾಟಿ. ರೈಲೂ ಇದೆ, ಸಕಲೇಶಪುರ ದಾಟಿದ ಮೇಲೆ 57 ಸುರಂಗ. ಮೊಮ್ಮಕ್ಕಳಿಗೆ ಎಣಿಸೋಕೆ ಹೇಳಿ, ತೆಪ್ಪಗಿರುತ್ತಾರೆ. ಆದರೆ 2018ರಲ್ಲೂ 2024ರಲ್ಲೂ ಗುಡ್ಡ ಕುಸಿದು ರೈಲು ನಿಂತಿತ್ತು, ರಸ್ತೆಗೂ ತೊಂದರೆಯಾಗಿತ್ತು. ಮಳೆಗಾಲದಲ್ಲಿ ‘ನಾಳೆ ಊರಿಗೆ ಹೋಗಿ ಬಂದುಬಿಡೋಣ’ ಅನ್ನೋ ಹಾಗಿಲ್ಲ.

ಹಾಸನದ ಮನೆ ಬಾಡಿಗೆಗೆ ಕೊಡಿ. ಅಲ್ಲಿ ಮಗನ ಮನೆ ಹತ್ತಿರವೇ ಒಂದು ವರ್ಷಕ್ಕೆ ಬಾಡಿಗೆ ಹಿಡಿಯಿರಿ. ಮುಂದಿನ ಜನವರಿಯಲ್ಲೂ ನಿಮ್ಮ ಮನೆಯವರು ಇದೇ ಮಾತು ಹೇಳಿದರೆ ಆಗ ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ದಸರಾ ರಜೆಯಲ್ಲಿ ಮಕ್ಕಳನ್ನು ಎರಡು ದಿನ ಮಂಗಳೂರಿಗೆ ಕರೆದೊಯ್ಯಬೇಕು. ಏನು ತೋರಿಸಲಿ?
– ಓದುಗರು, ಚಿಕ್ಕಮಗಳೂರು

ಉತ್ತರ: ಬೆಳಗ್ಗೆ ಬೇಗ ಹೊರಟು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯಿರಿ. ಒಂದು ದಿನ ಪಿಲಿಕುಳಕ್ಕೆ ಬೇಕೇ ಬೇಕು, ಪ್ರಾಣಿಗಳಿವೆ, ತಾರಾಲಯವಿದೆ. ಇನ್ನೊಂದು ಬೆಳಗ್ಗೆ ಸೇಂಟ್ ಅಲೋಶಿಯಸ್ ಚಾಪೆಲ್. ಇಟಲಿಯ ಆಂಟೋನಿಯೋ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಗೋಡೆ, ಛಾವಣಿ ಎಲ್ಲ ಚಿತ್ರ ಬರೆದಿಟ್ಟಿದ್ದಾರೆ. ಮಕ್ಕಳಿಗೆ ಕತ್ತು ನೋಯುವ ತನಕ ನೋಡಲಿ ಬಿಡಿ. ರಾತ್ರಿ ಕುದ್ರೋಳಿಯ ದಸರಾ ದೀಪ. ಸಮುದ್ರದಲ್ಲಿ ಆಡಲು ಪಣಂಬೂರು ಸಾಕು. ಕಾವಲಿನವರು ಸೀಟಿ ಊದಿದರೆ ವಾದ ಮಾಡದೆ ಹಿಂದೆ ಬನ್ನಿ. ಸೋಮೇಶ್ವರದಲ್ಲಿ ಬಂಡೆಗಳಿವೆ, ಅಲ್ಲಿ ದಡದಲ್ಲಿ ಕೂತು ನೋಡೋದಷ್ಟೇ.

ಪ್ರಶ್ನೆ: ಮಗಳಿಗೆ ಮಂಗಳೂರಿನಲ್ಲಿ ಕಾಲೇಜು ಸೀಟು ಸಿಕ್ಕಿದೆ. ತುಳು ಬರಲ್ಲ, ಕಷ್ಟ ಆಗುತ್ತಾ ಮೇಡಂ?
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ಏನೂ ಆಗಲ್ಲಮ್ಮ. ಅಲ್ಲಿ ತುಳು, ಕೊಂಕಣಿ, ಬ್ಯಾರಿ ಎಲ್ಲವೂ ಕಿವಿಗೆ ಬೀಳುತ್ತೆ, ಕನ್ನಡ ಎಲ್ಲರಿಗೂ ಬರುತ್ತೆ. ಅವರ ಕನ್ನಡ ಮಾತ್ರ ಮೊದಲು ತಮಾಷೆ ಅನಿಸಬಹುದು. ಅಂಗಡಿಯವರು ‘ಎಂತ ಬೇಕಿತ್ತು?’ ಅಂದಾಗ, ‘ಬೇಕಿತ್ತು ಅಲ್ಲ, ಈಗ್ಲೇ ಬೇಕು’ ಅಂತ ನಾನು ಮೊದಲ ದಿನ ಜಗಳಕ್ಕೇ ಹೋಗಿದ್ದೆ. ಅದು ಅವರ ಮರ್ಯಾದೆಯ ಮಾತು. ಬಟ್ಟೆ ಒಣಗಿಸಲು ಹಗ್ಗ, ಗಟ್ಟಿಯಾದ ಒಂದು ಛತ್ರಿ ಕೊಟ್ಟು ಕಳಿಸಿ. ಸ್ವೆಟರ್ ಮನೆಯಲ್ಲೇ ಇರಲಿ.