ಕೆಳಗಿನ ಜಡ್ಜ್ ನೋಡಿದ್ದು, ಮೇಲಿನ ಜಡ್ಜ್ ಓದಿದ್ದು

ಪ್ರಶ್ನೆ: ಸಾಕ್ಷಿಗಳ ಮುಖ ನೋಡಿ, ಮಾತು ಕೇಳಿ ಶಿಕ್ಷೆ ಕೊಟ್ಟವರು ಕೆಳಗಿನ ಜಡ್ಜ್. ಮೇಲಿನ ಕೋರ್ಟಿನವರು ಬರೀ ಕಾಗದ ಓದಿ ಬಿಟ್ಟುಬಿಡ್ತಾರೆ. ಇದು ಸರಿಯಾ ಮೇಡಂ?

ಉತ್ತರ: ಅಪೀಲು ಕೇಸುಗಳನ್ನೇ ನಡೆಸಿ ತಲೆ ಹಣ್ಣಾದವಳು ನಾನು. ನಮ್ಮ ಮನೆಯವರೂ ಇದನ್ನೇ ಕೇಳುತ್ತಾರೆ. ಮುಖ ನೋಡುವುದರಲ್ಲಿ ಲಾಭವೂ ಇದೆ, ಮೋಸವೂ ಇದೆ. ಬೆರಳು ತೋರಿಸಿ ‘ಇವನೇ’ ಅಂದ ಸಾಕ್ಷಿಯನ್ನು ಯಾರು ತಾನೇ ನಂಬುವುದಿಲ್ಲ? ಆ ಸಾಕ್ಷಿ ಸುಳ್ಳುಗಾರನೇ ಆಗಬೇಕೆಂದಿಲ್ಲ. ಕತ್ತಲಲ್ಲಿ ಅರೆಗಳಿಗೆ ಕಂಡ ಮುಖ, ಪೊಲೀಸರು ಒಬ್ಬನನ್ನು ತೋರಿಸಿದ ಮೇಲೆ, ಅವನ ಮುಖವೇ ಆಗಿಬಿಡುತ್ತದೆ.

ಕಾಗದ ಹಾಗಲ್ಲ. ನನ್ನದೊಂದು ಕೊಲೆ ಕೇಸಿತ್ತು, ಜೀವಾವಧಿ ಆಗಿತ್ತು. ಮಚ್ಚು ವಶಪಡಿಸಿಕೊಂಡ ಮಹಜರಿನಲ್ಲಿ ಸಮಯ ಬೆಳಗ್ಗೆ 9 ಗಂಟೆ. ಅದೇ ಹಾಳೆಯ ತಲೆಯಲ್ಲಿ ಕೇಸಿನ ನಂಬರ್. ಅದೇ ಪೆನ್ನು, ಅದೇ ಕೈಬರಹ. ಆದರೆ ದೂರು ದಾಖಲಾಗಿ ಆ ನಂಬರ್ ಹುಟ್ಟಿದ್ದೇ ಮಧ್ಯಾಹ್ನ 1.30ಕ್ಕೆ! ಹದಿನಾಲ್ಕು ಸಾಕ್ಷಿಗಳು ಕಟಕಟೆ ಹತ್ತಿ ಇಳಿದಿದ್ದರು, ಈ ನಂಬರ್ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನನಗೂ ಕಂಡಿದ್ದು ಮೂರನೇ ಸಲ ಓದುವಾಗ. ‘ಲೂಪ್‌ಹೋಲ್‌ನಲ್ಲಿ ಪಾರಾದ’ ಅಂತ ಜನ ಆಡಿಕೊಂಡರು. ಹುಟ್ಟದ ನಂಬರನ್ನು ಮುಂಚೆಯೇ ಬರೆಯೋದು ಹೇಗೆ ಸಾಧ್ಯ? ಆಮೇಲೆ ಕೂತು ಬರೆದ ಕಾಗದ ಅದು. ಆ ಮಾತು ಕೇಳಿದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಬಿಡುಗಡೆಯಾದವರೆಲ್ಲ ಸಾಚಾ ಅಂತ ನಾನು ಹೇಳುವುದಿಲ್ಲ. ಶಿಕ್ಷೆ ಕೊಡುವಷ್ಟು ಪುರಾವೆ ಇರಲಿಲ್ಲ ಅನ್ನುವುದಷ್ಟೇ ತೀರ್ಪು.

ಪ್ರಶ್ನೆ: ಏನೇ ಅನ್ನಿ, ಮಾಡದ ಕೊಲೆಯನ್ನು ಯಾರಾದರೂ ಮಾಡಿದೆ ಅಂತ ಒಪ್ಪಿಕೊಳ್ತಾರಾ?

ಉತ್ತರ: ಒಪ್ಪಿಕೊಳ್ತಾರೆ. ಜಪಾನಿನ ಇವಾವೊ ಹಕಮಾಡಾ ಅವರನ್ನೇ ನೋಡಿ. ಬಾಕ್ಸರ್ ಆಗಿದ್ದವರು, ಆಮೇಲೆ ಮಿಸೊ ಕಾರ್ಖಾನೆಗೆ ಸೇರಿದರು. ಮಿಸೊ ಅಂದರೆ ಸೋಯಾ ಕಾಳನ್ನು ತಿಂಗಳುಗಟ್ಟಲೆ ಹುದುಗಿಸಿ ಮಾಡುವ ಪೇಸ್ಟ್. 1966ರಲ್ಲಿ ಒಂದೇ ಮನೆಯ ನಾಲ್ವರ ಕೊಲೆಗೆ ಇವರನ್ನು ಹಿಡಿದರು. ದಿನಕ್ಕೆ ಸರಾಸರಿ 12 ಗಂಟೆ ವಿಚಾರಣೆ, ಸುಮಾರು ಮೂರು ವಾರ. ಕೊನೆಗೆ ‘ಹೂಂ’ ಅಂದರು. ಕೋರ್ಟಿನಲ್ಲಿ ‘ನಾನಲ್ಲ’ ಅಂದರು. ಕೇಳಿದವರ್ಯಾರು? 1968ರಲ್ಲಿ ಮರಣದಂಡನೆ ಆಯಿತು.

ಈ ಕೇಸಿನಲ್ಲಿ ಬಟ್ಟೆಯ ಕಥೆಯೇ ಬೇರೆ. ಕೊಲೆಯಾಗಿ ವರ್ಷ ಕಳೆದ ಮೇಲೆ ಮಿಸೊ ತೊಟ್ಟಿಯಲ್ಲಿ ರಕ್ತದ ಕಲೆಯ ಐದು ಬಟ್ಟೆ ‘ಸಿಕ್ಕವು’. ಅಪೀಲಿನಲ್ಲಿ ಪ್ಯಾಂಟು ತೊಡಿಸಿ ನೋಡಿದರು. ತೊಡೆಯ ಹತ್ತಿರವೇ ಸಿಕ್ಕಿಕೊಂಡಿತು, ಮೇಲೇರಲಿಲ್ಲ. ಅದಕ್ಕೊಂದು ಸಮಜಾಯಿಷಿ: ನೆನೆದು ಕುಗ್ಗಿದೆ, ಇವರೂ ದಪ್ಪಗಾಗಿದ್ದಾರೆ! ಅಪೀಲು ವಜಾ. ಅಂದರೆ ಮೇಲಿನ ಕೋರ್ಟು ಯಾವಾಗಲೂ ಕಣ್ಣು ತೆರೆದೇ ಇರುತ್ತೆ ಅಂತಲೂ ಇಲ್ಲ.

ಕೊನೆಗೆ ಕೈಹಿಡಿದದ್ದು ಕಲೆಯ ಬಣ್ಣ. ವರ್ಷವಿಡೀ ಮಿಸೊದಲ್ಲಿ ನೆನೆದ ರಕ್ತ ಕಪ್ಪಾಗಬೇಕು, ಇದರಲ್ಲಿ ಇನ್ನೂ ಕೆಂಪು ಇತ್ತು. 2024ರ ಸೆಪ್ಟೆಂಬರಿನಲ್ಲಿ ಮರುವಿಚಾರಣೆಯ ಕೋರ್ಟು, ಆ ಬಟ್ಟೆಗಳು ತನಿಖೆಯವರೇ ಸೃಷ್ಟಿಸಿದ ಸಾಕ್ಷ್ಯ ಎಂದು ಹೇಳಿ ಖುಲಾಸೆ ಮಾಡಿತು. ಹಕಮಾಡಾ ಅವರಿಗೆ ಆಗ 88 ವರ್ಷ. ಇಷ್ಟೂ ವರ್ಷ ಬೆನ್ನಿಗೆ ನಿಂತವರು ಅವರ ಅಕ್ಕ ಹಿದೆಕೊ.

ಪ್ರಶ್ನೆ: ಅಪೀಲೂ ಸೋತರೆ ಮುಗೀತು ತಾನೇ?

ಉತ್ತರ: ಹೊಸ ಪುರಾವೆ ಸಿಕ್ಕರೆ ಎಷ್ಟೋ ದೇಶಗಳಲ್ಲಿ ಬಾಗಿಲು ಮತ್ತೆ ತೆರೆಯುತ್ತದೆ. ಇಂಗ್ಲೆಂಡಿನ ಆಂಡ್ರ್ಯೂ ಮಾಲ್ಕಿನ್‌ಸನ್ ಅತ್ಯಾಚಾರದ ಕೇಸಿನಲ್ಲಿ 17 ವರ್ಷ ಒಳಗಿದ್ದರು. ಇಂಥ ಕೇಸು ಮರುಪರಿಶೀಲಿಸುವ ಆಯೋಗ ಎರಡು ಸಲ ಅರ್ಜಿ ತಿರಸ್ಕರಿಸಿತು. ತಪ್ಪು ಒಪ್ಪಿಕೊಂಡಿದ್ದರೆ ಬಹಳ ಮುಂಚೆಯೇ ಹೊರಗೆ ಬರಬಹುದಿತ್ತು, ಅವರು ಒಪ್ಪಲಿಲ್ಲ. ಲ್ಯಾಬಿನಲ್ಲಿ ಉಳಿದಿದ್ದ ಹಳೆಯ ಮಾದರಿಯಲ್ಲಿ ಬೇರೊಬ್ಬನ ಡಿಎನ್‌ಎ ಸಿಕ್ಕಿತು. 2023ರಲ್ಲಿ ಶಿಕ್ಷೆ ರದ್ದಾಯಿತು. ಅದಕ್ಕೇ ನನ್ನ ಕಕ್ಷಿದಾರರ ಮನೆಯವರಿಗೆ ಮೊದಲು ಹೇಳುವುದು ಇಷ್ಟೇ: ಅಪೀಲು ಸೋತರೂ ಕೇಸಿನ ಬಟ್ಟೆ, ಮಾದರಿ ಯಾವುದನ್ನೂ ನಾಶ ಮಾಡಬೇಡಿ ಅಂತ ಇವತ್ತೇ ಕೋರ್ಟಿಗೆ ಅರ್ಜಿ ಹಾಕೋಣ.