ಹಳೆಯ ಮನೆಯ ಗೋಡೆಯಲ್ಲಿ ಕಾರಣ ತಿಳಿಯದ ತೇವವಿದೆ. ವಾಟರ್‌ಪ್ರೂಫಿಂಗ್ ಮಾಡಿಸಿಕೊಳ್ಳುವ ಧೈರ್ಯದಿಂದ ಕೊಳ್ಳಬಹುದೇ?

ಉಡುಪಿಯಲ್ಲಿ ನೀವು ನೋಡಿದ ಮುರಕಲ್ಲಿನ (ಜಂಬಿಟ್ಟಿಗೆಯ) ಮನೆ, ನೆಲದಿಂದ ಎರಡಡಿಯವರೆಗೆ ಉದುರುತ್ತಿರುವ ಗಾರೆ, "ಅದು ಬರೀ ಪೇಂಟಿನ ದೋಷ" ಎಂಬ ಮಾಲೀಕರ ಸಮಾಧಾನ: ಇದು ಹನ್ನೊಂದು ವರ್ಷಗಳ ಹಿಂದಿನ ನನ್ನದೇ ಕಥೆ.

ಮಂಗಳೂರಿನ ಹಂಚಿನ ಮನೆಯೊಂದನ್ನು ಮಾರ್ಚ್ ತಿಂಗಳಿನಲ್ಲಿ ನೋಡಿದ ನಾನು ಮೇ ಕೊನೆಯಲ್ಲಿ, ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆಗೆ ಮೊದಲೇ ನೋಂದಣಿ ಮುಗಿಸಿದೆ. ಚಾವಡಿಯ ಗೋಡೆಯ ಬುಡದಲ್ಲಿ ಬಿಳಿಯ ಪುಡಿಯಂತೆ ಉಪ್ಪು ಎದ್ದಿತ್ತು. ಗೋಡೆಯೊಳಗಿನ ನೀರು ಹೊರಬಂದು ಆರಿದಾಗ ಉಳಿಯುವ ಗುರುತು ಅದು ಎಂಬುದು ನನಗೆ ತಿಳಿದಿರಲಿಲ್ಲ. ಗುತ್ತಿಗೆದಾರರ ಮಾತು ನಂಬಿ ಹಳೆಯ ಸುಣ್ಣದ ಗಾರೆಯನ್ನೆಲ್ಲ ಕೆರೆಸಿ, ಒಳಗೂ ಹೊರಗೂ ಸಿಮೆಂಟ್ ಸಾರಣೆ ಮಾಡಿಸಿ, ಅದರ ಮೇಲೆ ನೀರು ತಡೆಯುವ ಬಣ್ಣ ಬಳಿಸಿದೆ.

ನನ್ನ ತಪ್ಪು ಇದೇ ಆದುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮುರಕಲ್ಲು ರಂಧ್ರಗಳ ಕಲ್ಲು. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಅದು ನೆಲದ ನೀರನ್ನು ಮೇಲಕ್ಕೆ ಎಳೆಯುತ್ತದೆ. ಸುಣ್ಣದ ಗಾರೆ ಆ ತೇವವನ್ನು ಗಾಳಿಗೆ ಬಿಟ್ಟುಕೊಡುತ್ತದೆ, ಆದ್ದರಿಂದಲೇ ಕಲೆ ಎರಡಡಿಯಲ್ಲಿ ನಿಂತಿತ್ತು. ನಾನು ನೀರು ಎಲ್ಲಿಂದ ಬರುತ್ತದೆಂದು ನೋಡದೆ, ಅದು ಹೊರಹೋಗುವ ದಾರಿಯನ್ನು ಎರಡೂ ಬದಿಯಿಂದ ಮುಚ್ಚಿದೆ. ಆಟಿ ತಿಂಗಳಾಗುವಾಗ (ಜುಲೈ-ಆಗಸ್ಟ್) ತೇವ ಕಿಟಕಿಯ ಮಟ್ಟಕ್ಕೇರಿತ್ತು, ಬಣ್ಣ ಗುಳ್ಳೆಯೆದ್ದಿತ್ತು, ದಾರಂದದ (ಬಾಗಿಲ ಚೌಕಟ್ಟಿನ) ಬುಡ ಕೊಳೆಯತೊಡಗಿತ್ತು. ಸಿಮೆಂಟಿಗೆ ಸುರಿದ ಹಣ ಅಕ್ಷರಶಃ ನೀರುಪಾಲಾಯಿತು.

ಕಾರಣ ಹಿಡಿದವರು ಒಬ್ಬ ವೃದ್ಧ ಮೇಸ್ತ್ರಿ. ಅವರು ಗೋಡೆಯತ್ತ ಕಣ್ಣೆತ್ತಿಯೂ ನೋಡದೆ, ಜಡಿಮಳೆಯಲ್ಲಿ ಕೊಡೆ ಹಿಡಿದು ಅಂಗಳದಲ್ಲಿ ನಿಂತುಬಿಟ್ಟರು. ಹಿಂದಿನ ಮಾಲೀಕರು ಮಣ್ಣು ತುಂಬಿಸಿ ಇಂಟರ್‌ಲಾಕ್ ಇಟ್ಟಿಗೆ ಹಾಸಿದ್ದರಿಂದ ಅಂಗಳವು ಮನೆಯ ಪಂಚಾಂಗಕ್ಕಿಂತ, ಅಂದರೆ ಗೋಡೆ ನಿಂತಿರುವ ಅಡಿಪಾಯದ ಕಟ್ಟೆಗಿಂತ, ಮೇಲೆ ಬಂದಿತ್ತು. ಮಾಡಿನಿಂದ ಇಳಿದ ನೀರೆಲ್ಲ ಗೋಡೆಯ ಬುಡದಲ್ಲೇ ನಿಲ್ಲುತ್ತಿತ್ತು. ಗೋಡೆಯ ಪಕ್ಕದ ಇಂಟರ್‌ಲಾಕ್ ಕಿತ್ತು, ಮಣ್ಣು ತಗ್ಗಿಸಿ, ತೋಡಿನ ಕಡೆಗೆ ಚರಂಡಿ ತೆಗೆಸಿ, ಸಿಮೆಂಟ್ ಕಳಚಿ ಮತ್ತೆ ಸುಣ್ಣದ ಗಾರೆ ಮಾಡಿಸಿದೆ. ಗೋಡೆ ಒಣಗಲು ಎರಡು ಬೇಸಿಗೆ ಬೇಕಾಯಿತು.

ಆದ್ದರಿಂದ ಯಾವ ವಾಟರ್‌ಪ್ರೂಫಿಂಗ್ ಉತ್ತಮ, ಬೆಲೆಯಲ್ಲಿ ಎಷ್ಟು ಕಡಿಮೆ ಕೇಳಬೇಕು ಎಂಬ ನಿಮ್ಮ ಪ್ರಶ್ನೆಗಳನ್ನೇ ನಾನು ಒಪ್ಪುವುದಿಲ್ಲ. ಕಾರಣ ತಿಳಿಯದ ತೇವಕ್ಕೆ ಬೆಲೆ ಕಟ್ಟುವುದು ಹೇಗೆ? ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಊರುಗಳಲ್ಲಿ ಬೇಸಿಗೆಯಲ್ಲಿ ಮನೆ ನೋಡಿ ಮುಂಗಡ ಕೊಡುವುದು ನನ್ನ ದೃಷ್ಟಿಯಲ್ಲಿ ಮೂರ್ಖತನ. ಜುಲೈವರೆಗೆ ಕಾಯಿರಿ, ಬೇರೆ ಗಿರಾಕಿ ಇದ್ದಾರೆಂದು ಅವಸರ ಮಾಡಿದರೆ ಅವರಿಗೇ ಹೋಗಲಿ. ಈಗಲೇ ನೋಡಲೇಬೇಕೆಂದಿದ್ದರೆ, ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹನಿಗಳು ಹಾಳೆಯ ಒಳಬದಿಯಲ್ಲಿ ಮೂಡಿದರೆ ತೇವ ಗೋಡೆಯೊಳಗಿನದು; ಹೊರಬದಿಯಲ್ಲಿ ಮೂಡಿದರೆ ಕೋಣೆಯ ಗಾಳಿಯದು. ಗೋಡೆಯದೇ ಎಂದಾದರೆ ಆಚೆ ಬದಿಯಲ್ಲಿ ಬಚ್ಚಲು, ಪೈಪು ಇವೆಯೇ ಎಂದು ನೋಡಿ, ಆಮೇಲೆ ಅಂಗಳಕ್ಕಿಳಿದು ಪಂಚಾಂಗದ ಕಲ್ಲು ಎಷ್ಟು ಕಾಣಿಸುತ್ತದೆ ಎಂದು ಅಳೆಯಿರಿ.