ಕೊನೇ ವರ್ಷ ಬಿಟ್ಟು ಕೆಲಸಕ್ಕೆ ಸೇರಲಾ?

ಪ್ರಶ್ನೆ: ಡಿಗ್ರಿ ಮುಗಿಯಲು ಇನ್ನೊಂದು ವರ್ಷ ಇದೆ. ಅಷ್ಟರಲ್ಲಿ ಒಂದು ಕಡೆ ಕೆಲಸ ಸಿಕ್ಕಿದೆ, ಸಂಬಳವೂ ಪರವಾಗಿಲ್ಲ. ಓದಿದವರೇ ಕೆಲಸ ಇಲ್ಲದೆ ಕೂತಿದ್ದಾರೆ, ಇನ್ನೊಂದು ವರ್ಷ ಸುಮ್ನೆ ಫೀಸು ಯಾಕೆ ಕಟ್ಟುತ್ತೀಯ ಅನ್ನುತ್ತಾರೆ ಸ್ನೇಹಿತರು. ಬಿಟ್ಟುಬಿಡಲಾ?

ಉತ್ತರ: ಬೇಡ. ಬಿಡುವುದಿದ್ದರೆ ಮೊದಲ ವರ್ಷವೇ ಬಿಡಬೇಕಿತ್ತು.

ಒಂದು ವರ್ಷ ಜಾಸ್ತಿ ಓದಿದರೆ ಸಂಪಾದನೆ ಸರಾಸರಿ ಶೇ. 9ರಷ್ಟು ಏರುತ್ತದೆ ಎಂದು 139 ದೇಶಗಳ ಲೆಕ್ಕ ನೋಡಿ ಸಾಕರೋಪುಲೋಸ್ ಮತ್ತು ಪ್ಯಾಟ್ರಿನೋಸ್ ಎಂಬ ಅರ್ಥಶಾಸ್ತ್ರಜ್ಞರು 2018ರಲ್ಲಿ ಬರೆದರು. ಆದರೆ ಅದು ಸರಾಸರಿ. ಎಲ್ಲಾ ವರ್ಷಕ್ಕೂ ಒಂದೇ ಬೆಲೆ ಇಲ್ಲ, ಸರ್ಟಿಫಿಕೇಟ್ ಕೈಗೆ ಬರುವ ವರ್ಷಕ್ಕೆ ಜಾಸ್ತಿ. ಯಾಕೆ ಅಂದರೆ, ನೀವು ಎಷ್ಟು ಚುರುಕು ಅನ್ನೋದು ಕೆಲಸ ಕೊಡುವವರಿಗೆ ಮೊದಲ ದಿನವೇ ಕಾಣುವುದಿಲ್ಲ, ಹಾಗಾಗಿ ಅವರು ಡಿಗ್ರಿಯನ್ನೇ ಗುರುತಾಗಿ ಹಿಡಿಯುತ್ತಾರೆ. ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ ಇದನ್ನು 1973ರಲ್ಲೇ ಹೇಳಿದ್ದರು, 2001ರಲ್ಲಿ ಅವರಿಗೆ ನೊಬೆಲ್ ಬಂತು. ಯಾವುದಾದರೂ ಕೆಲಸದ ಅರ್ಜಿ ತೆಗೆದು ನೋಡಿ: ಪದವಿ ಮುಗಿದಿದೆಯೇ, ಹೌದು ಅಥವಾ ಇಲ್ಲ. ಮುಕ್ಕಾಲು ಮುಗಿದಿದೆ ಅನ್ನೋಕೆ ಅಲ್ಲಿ ಜಾಗವೇ ಇರುವುದಿಲ್ಲ.

ಸ್ನೇಹಿತರು ಹೇಳಿದ್ದು ಸುಳ್ಳಲ್ಲ. ಆದರೆ ಡಿಗ್ರಿ ಇದ್ದವರೇ ಸಾಲಿನಲ್ಲಿ ನಿಂತಿದ್ದರೆ ಇಲ್ಲದವರಿಗೆ ಇನ್ನೂ ಕಷ್ಟ, ಅಲ್ವಾ? ಪದವೀಧರರು ಜಾಸ್ತಿಯಾದಷ್ಟೂ, ಡಿಗ್ರಿ ಬೇಕಿಲ್ಲದ ಕೆಲಸಕ್ಕೂ ಡಿಗ್ರಿ ಕೇಳುವ ಚಾಳಿ ಬೆಳೆಯುತ್ತದೆ. ಈಗಿನ ಕೆಲಸ ಹೇಗೂ ಸಿಕ್ಕಿದೆ, ಸರಿ. ನಾಳೆ ಈ ಕಂಪನಿ ಜನರನ್ನು ತೆಗೆದರೆ, ಅಥವಾ ನಿಮಗೇ ಬೇಜಾರಾದರೆ, ಎರಡನೇ ಕೆಲಸ ಹುಡುಕುವಾಗ ತೊಂದರೆ ಶುರುವಾಗುತ್ತದೆ.

ಹಾಗಂತ ಓದು ಪುಕ್ಕಟೆ ಅಲ್ಲ. ಫೀಸಿನ ಜೊತೆಗೆ, ಆ ವರ್ಷ ದುಡಿದಿದ್ದರೆ ಬರುತ್ತಿದ್ದ ಸಂಬಳವನ್ನೂ ಖರ್ಚು ಅಂತಲೇ ಬರೆದುಕೊಳ್ಳಿ. ಇದನ್ನು ಬಹಳ ಜನ ಮರೆಯುತ್ತಾರೆ. ಹಾಗೆಯೇ, ಯಾವ ಡಿಗ್ರಿ ಅನ್ನೋದರ ಮೇಲೂ ಲಾಭ ಬದಲಾಗುತ್ತದೆ. ನಿಮ್ಮ ವಿಭಾಗದಲ್ಲಿ ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ ಅಂತ ಅವರನ್ನೇ ಕೇಳಿ. ಕಾಲೇಜಿನ ಜಾಹೀರಾತು ನಂಬಬೇಡಿ, ಅದರಲ್ಲಿ ಒಳ್ಳೆಯ ಸಂಬಳ ಸಿಕ್ಕವರ ಫೋಟೋ ಮಾತ್ರ ಇರುತ್ತದೆ.

ಕೆಲಸ ಕೊಟ್ಟವರನ್ನೂ ಒಮ್ಮೆ ಕೇಳಿ ನೋಡಿ: ಒಂದು ವರ್ಷ ಕಾಯುತ್ತೀರಾ, ಇಲ್ಲವೇ ಅರ್ಧ ದಿನ ಬಂದರೆ ನಡೆಯುತ್ತದಾ ಅಂತ. ಮನೆ ನಡೆಸಲು ಈಗಲೇ ದುಡ್ಡು ಬೇಕು ಅನ್ನುವ ಸ್ಥಿತಿ ಇದ್ದರೆ ಮಾತ್ರ ಸೇರಿ. ಆಗಲೂ ವಾಪಸ್ ಬಂದು ಓದು ಮುಂದುವರಿಸಬಹುದಾ, ಎಷ್ಟು ದಿನದೊಳಗೆ ಬರಬೇಕು ಅನ್ನೋದನ್ನು ವಿಶ್ವವಿದ್ಯಾಲಯದಿಂದ ಬರಹದಲ್ಲಿ ಪಡೆದುಕೊಂಡೇ ಹೊರಡಿ.